ಕಿವಿಯಂಚಿನ ಬಿಸಿ

ನನ್ನನ್ನು ಧ್ಯಾನದತ್ತ ದೂಡಿದ್ದು ಮಾರ್ಚ್ ತಿಂಗಳು. ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಾಂತ್ಯದ ಬಿಲ್ಲುಗಳ ರಾಶಿಯ ನಡುವೆ ಕಂಡವರ ಮೇಲೆ ರೇಗುವುದು, ಉಳಿದ ಸಿಟ್ಟನ್ನು ಮನೆಗೆ ಹೊತ್ತು ತಂದು ಮಗಳ ಮೇಲೆ ಕಾರುವುದು, ಆಮೇಲೆ ನಿದ್ದೆ ಬಾರದೆ ಹೊರಳಾಡುವುದು ನನಗೆ ವಾಡಿಕೆಯಾಗಿಬಿಟ್ಟಿತ್ತು. ವಿಪಶ್ಯನಾ ಎಂಬ ಬೌದ್ಧ ಧ್ಯಾನದ ಗುರು ಊ ಬಾ ಖಿನ್ ಅವರು 1948ರಲ್ಲಿ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದರೆಂದು ತಿಳಿದಾಗ, ಕಡತಗಳ ನಡುವೆ ಬದುಕಿದವರೇ ಕಲಿಸಿದ ವಿದ್ಯೆಯಾದರೆ ನನಗೂ ದಕ್ಕೀತು ಎನ್ನಿಸಿತು. ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ಕ್ರಮದಲ್ಲಿ ನಡೆಯುವ ಹತ್ತು ದಿನಗಳ ಶಿಬಿರಕ್ಕೆ ಹೆಸರು ಕೊಟ್ಟೆ.

ಬೆಳಗಿನ ನಾಲ್ಕಕ್ಕೆ ಗಂಟೆ, ದಿನಕ್ಕೆ ಸುಮಾರು ಹತ್ತು ತಾಸು ಧ್ಯಾನ, ಫೋನಿಲ್ಲ, ಮಾತಿಲ್ಲ. ಮೊದಲ ಮೂರು ದಿನ ಮೂಗಿನ ಹೊಳ್ಳೆಗಳ ಬಳಿ ಉಸಿರಾಟವನ್ನು ಗಮನಿಸುವ ಆನಾಪಾನ. ನಾಲ್ಕನೆಯ ದಿನದಿಂದ ನೆತ್ತಿಯಿಂದ ಕಾಲ್ಬೆರಳವರೆಗೆ ಮೈಯ ಸಂವೇದನೆಗಳನ್ನು ನೋಡುವ ವಿಪಶ್ಯನಾ. ಒಂದು ಗಂಟೆ ಕೈಕಾಲು ಅಲುಗಿಸದೆ ಕೂರುವ 'ಅಧಿಷ್ಠಾನ'ದಲ್ಲಿ ನನ್ನ ಎಡ ಮೊಣಕಾಲು ಸುತ್ತಿಗೆಯಿಂದ ಹೊಡೆದಂತೆ ನೋಯತೊಡಗಿತು. ಹಲ್ಲುಕಚ್ಚಿ ಕುಳಿತಷ್ಟೂ ನೋವು ಹೆಚ್ಚಿತು. ಐದನೆಯ ದಿನ ಸಾಕಾಗಿ, ಆ ನೋವನ್ನೇ ದಿಟ್ಟಿಸಿದಾಗ ಅದು ಒಂದೇ ಗಟ್ಟಿ ಮುದ್ದೆಯಾಗಿರದೆ ಬಿಸಿ, ಸೆಳೆತ, ಮಿಡಿತಗಳಾಗಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದು ಕಂಡಿತು. ಪಾಲಿಯಲ್ಲಿ 'ಅನಿಚ್ಚ' ಎನ್ನುವುದು ಇದನ್ನೇ. ನೋವು ಹೋಗಲಿಲ್ಲ, ಅದರ ಜೊತೆಗಿನ ನನ್ನ ಜಗಳ ಮಾತ್ರ ಅಷ್ಟು ಹೊತ್ತು ನಿಂತಿತ್ತು.

ಮನೆಗೆ ಮರಳಿದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕೆಂಬುದು ಅಲ್ಲಿನ ಸೂಚನೆ. ನನ್ನಿಂದ ಸಾಧ್ಯವಾಗಿರುವುದು ಬೆಳಗಿನ ನಲವತ್ತು ನಿಮಿಷ, ಅದೂ ಕುಕ್ಕರಿನ ಸೀಟಿಯನ್ನು ಎಣಿಸುತ್ತಲೇ.

ಆ ನಲವತ್ತು ನಿಮಿಷ ಎಲ್ಲಿ ಒದಗಿತೆಂದು ಹೇಳುತ್ತೇನೆ. ಪಿಂಚಣಿಯ ಕಾಗದ ಹಿಡಿದು ಮೂರನೆಯ ಬಾರಿ ಬಂದಿದ್ದ ಹಿರಿಯರೊಬ್ಬರು ಎಲ್ಲರೆದುರು, "ನಿಮ್ಮ ಮನೆ ದುಡ್ಡು ಕೊಡ್ತೀರೇನಮ್ಮಾ?" ಎಂದು ಕೂಗಿದರು. ನನ್ನ ಕಿವಿಯಂಚು ಬಿಸಿಯಾಯಿತು, ದವಡೆ ಬಿಗಿಯಿತು. ಇವೆರಡೂ ಹೊಸತಲ್ಲ, ಆದರೆ ಮಾತು ಹೊರಬೀಳುವ ಮೊದಲೇ ಅವು ನನ್ನ ಗಮನಕ್ಕೆ ಬಂದದ್ದು ಅದೇ ಮೊದಲು. ಎರಡು ಮೂರು ಉಸಿರಿನಷ್ಟು ಹೊತ್ತು ಆ ಬಿಸಿಯನ್ನೇ ನೋಡಿದೆ. ಬಳಿಕ, "ಕೂತ್ಕೊಳ್ಳಿ ಯಜಮಾನ್ರೇ, ಪಾಸ್‌ಬುಕ್ ಕೊಡಿ" ಎಂದೆ. ಪಿಂಚಣಿ ಆದೇಶದಲ್ಲಿದ್ದ ತಂದೆಯ ಹೆಸರಿನ ಇನಿಷಿಯಲ್ ಪಾಸ್‌ಬುಕ್ಕಿನಲ್ಲಿ ಇರಲಿಲ್ಲ. ಹಿಂದಿನ ಎರಡು ಸಲವೂ ಸಿಡುಕಿನಲ್ಲಿ ಅದನ್ನು ನೋಡದೆ ವಾಪಸು ಕಳಿಸಿದವಳು ನಾನೇ.

ಇದನ್ನು ಔಷಧಿಯೆಂದು ನಾನು ಯಾರಿಗೂ ಹೇಳುವುದಿಲ್ಲ. ಗೋಯೆಂಕಾ ಅವರೇ ತಮ್ಮ ಮೈಗ್ರೇನ್ ವಾಸಿಯಾಗಲೆಂದು ಹೋದಾಗ, ತಲೆನೋವಿಗಾಗಿ ಧಮ್ಮವನ್ನು ಅಗ್ಗ ಮಾಡಬೇಡವೆಂದು ಗುರುಗಳು ಮೊದಲು ಒಪ್ಪಿರಲಿಲ್ಲ. ಖಿನ್ನತೆಯಂತಹ ಕಾಯಿಲೆಯಿದ್ದರೆ ಶಿಬಿರಕ್ಕೆ ಮೊದಲು ವೈದ್ಯರನ್ನು ಕಾಣುವುದೇ ಸರಿ.

ಕಳೆದ ಮಾರ್ಚ್ 31ರ ರಾತ್ರಿ ಹತ್ತಕ್ಕೆ ಮನೆ ಸೇರಿದಾಗ, ಸಿಂಕಿನ ತುಂಬ ಪಾತ್ರೆ ಕಂಡು ಮಗಳ ಮೇಲೆ ರೇಗಿದೆ. ವಾಕ್ಯ ಅರ್ಧಕ್ಕೇ ನಿಂತಿತು. ಅವಳು ಕಾದು ನೋಡಿ, "ಮುಂದೆ ಹೇಳಮ್ಮಾ" ಎಂದು ನಕ್ಕಳು.