40 ಕುರ್ಚಿಯ ಕ್ಲಬ್ಬಿನಲ್ಲಿ ಜಾಝ್ ಹಾಡಿದ್ದು

ಇಂದಿರಾನಗರದ ಒಂದು ಪುಟ್ಟ ಕ್ಲಬ್ಬಿನಲ್ಲಿ ಮೊದಲ ಸಲ ಜಾಝ್ ಹಾಡಿದಾಗ ಮುಂದಿನ ಟೇಬಲ್ ನನ್ನಿಂದ ನಾಲ್ಕೇ ಅಡಿ ದೂರದಲ್ಲಿತ್ತು. ಇದ್ದದ್ದೇ 40 ಕುರ್ಚಿ. ನಾನು ಮೈಸೂರಿನಲ್ಲಿ 12 ವರ್ಷ ಕರ್ನಾಟಕ ಸಂಗೀತ ಕಲಿತವಳು, ಬಾಯಿ ಬಿಟ್ಟು ಹಾಡು, ಕಡೇ ಸಾಲಿನವರಿಗೂ ಕೇಳಬೇಕು ಅಂತ ಹೇಳಿಸಿಕೊಂಡೇ ಬೆಳೆದವಳು. ಅದೇ ದನಿಯಲ್ಲಿ ಶುರು ಮಾಡಿದೆ. ಮುಂದೆ ಕೂತಿದ್ದವರು ಮೆಲ್ಲಗೆ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಅಷ್ಟು ಚಿಕ್ಕ ಕೋಣೆಗೆ ಆ ದನಿ ತುಂಬಾ ಜಾಸ್ತಿಯಾಗಿತ್ತು.

ಆಮೇಲೆ ಮೊದಲು ಮಾಡಿದ ಕೆಲಸ ಅಂದ್ರೆ ಕೀ, ಅಂದರೆ ಹಾಡಿನ ಶ್ರುತಿ, ಇಳಿಸಿದ್ದು. ನಮ್ಮ ಕಚೇರಿಯಲ್ಲಿ ಒಂದೇ ಶ್ರುತಿ ಅಲ್ವಾ, ನನ್ನದು ಐದೂವರೆ ಮನೆ, ಮೊದಲ ವರ್ಣದಿಂದ ಮಂಗಳದವರೆಗೂ ಅದೇ. ಜಾಝ್‌ನಲ್ಲಿ ಪ್ರತಿ ಹಾಡಿಗೂ ಬೇರೆ ಕೀ ಆರಿಸಿಕೊಳ್ಳಬಹುದು. ಹಾಡಿನ ಅತಿ ಮೇಲಿನ ಸ್ವರ ಯಾವುದು ಅಂತ ಹುಡುಕಿ, ಅದು ನಾನು ಮಾತಾಡುವ ದನಿಯಿಂದ ತೀರಾ ಮೇಲೆ ಹೋಗದ ಹಾಗೆ ಇಳಿಸಿ, ಹೊಸ ಕೀಯಲ್ಲಿ ಲೀಡ್ ಶೀಟ್ (ಹಾಡಿನ ಮಟ್ಟು, ಜೊತೆಗೆ ನುಡಿಸುವ ಸ್ವರಗುಚ್ಛಗಳನ್ನು ಬರೆದ ಹಾಳೆ) ಬರೆದು ಪಿಯಾನೋ ಮತ್ತು ಬಾಸ್ (ತಗ್ಗಿನ ಸ್ವರದ ತಂತಿವಾದ್ಯ) ನುಡಿಸುವವರ ಕೈಗೆ ಕೊಟ್ಟೆ. ಬಾಯಲ್ಲಿ ಹೇಳಿದರೆ ಸಾಲದು.

ಮೈಕ್ ಸಾಮಾನ್ಯವಾಗಿ ಶ್ಯೂರ್ ಎಸ್‌ಎಂ58. ತುಟಿಗೆ ಹತ್ತಿರ ತಂದಷ್ಟೂ ದನಿಯ ತಗ್ಗಿನ ಭಾಗ ದಪ್ಪವಾಗುತ್ತದೆ. ಮೆಲ್ಲಗೆ ಹಾಡುವಾಗ ಎರಡು ಬೆರಳಿನ ದೂರ, ಜೋರಿಗೆ ಒಂದು ಗೇಣು. ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ದನಿಯ ಹರವು ದೊಡ್ಡದಲ್ಲ, ಆದರೂ ಪದವನ್ನು ಬೀಟ್‌ಗಿಂತ ಒಂಚೂರು ತಡವಾಗಿ ಇಡುವ ಅವರ ರೀತಿ ಕೇಳಿದರೆ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. 1930ರ ದಶಕದ ಅವರ ರೆಕಾರ್ಡಿಂಗ್‌ಗಳನ್ನು ನಾನು ದಿನಾ ಕೇಳುತ್ತಿದ್ದೆ.

ನಿಜವಾಗಿ ಕಷ್ಟ ಕೊಟ್ಟಿದ್ದು ಕೌಂಟ್-ಇನ್. ವೇಗ ಎಷ್ಟು ಅಂತ ಹಾಡುವವರೇ ಎಣಿಸಿ ಕೊಡಬೇಕು. ಎರಡನೇ ಸಲ ಹೋದಾಗ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೋ ಅದೇ ವೇಗದಲ್ಲಿ ಎಣಿಸಿಬಿಟ್ಟೆ. 32 ಬಾರ್‌ನ ಹಾಡು, ನಾಲ್ಕು ಬೀಟ್ ಸೇರಿದರೆ ಒಂದು ಬಾರ್, ಎಂಟೆಂಟು ಬಾರಿನ ನಾಲ್ಕು ಭಾಗ. ಬೇರೆ ಮಟ್ಟಿನಲ್ಲಿ ಬರುವ ಮೂರನೆಯ ಭಾಗವಾದ ಬ್ರಿಡ್ಜ್‌ನಲ್ಲಿ ಮಾತು ಜಾಸ್ತಿ, ಅಲ್ಲಿಗೆ ಬಂದಾಗ ನಾಲಿಗೆ ಹೊರಳಲೇ ಇಲ್ಲ. ಶುರುವಾದ ಮೇಲೆ ವೇಗ ಇಳಿಸುವ ಹಾಗಿಲ್ಲ. ಅರ್ಧ ಪದ ನುಂಗಿ ಹೇಗೋ ಒಂದು ಸುತ್ತು ಮುಗಿಸಿ ಪಿಯಾನೋದವರಿಗೆ ಸೋಲೋ ಬಿಟ್ಟುಕೊಟ್ಟೆ.

ಈಗ ಮೊದಲು ಬ್ರಿಡ್ಜ್‌ನ ಸಾಲನ್ನೇ ಮನಸ್ಸಿನಲ್ಲಿ ಹಾಡಿಕೊಳ್ಳುತ್ತೇನೆ. ಅದು ಆರಾಮಾಗಿ ಕೂತ ವೇಗಕ್ಕೆ ಬಾರಿನ ಎರಡು ಮತ್ತು ನಾಲ್ಕನೇ ಬೀಟ್ ಮೇಲೆ ಚಿಟಿಕೆ ಹಾಕಿ, ಆಮೇಲೆ ಎಣಿಸುತ್ತೇನೆ. ಸಮದ, ಅಂದರೆ ತಾಳದ ಮೊದಲ ಪೆಟ್ಟಿನ, ಮೇಲೆ ತಟ್ಟಿ ರೂಢಿಯಾದ ಕೈಗೆ ಈ ಎರಡು-ನಾಲ್ಕು ಒಗ್ಗಲು ತಿಂಗಳುಗಳೇ ಹಿಡಿದವು. ಟಿಕ್ ಟಿಕ್ ಅಂತ ವೇಗ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಪ್ರತಿ ಟಿಕ್ಕನ್ನೂ ಎರಡು, ನಾಲ್ಕು ಅಂತಲೇ ಕೇಳಿಸಿಕೊಳ್ಳಿ. ಆಗ ಹಾಡು 120ರಲ್ಲಿ ನಡೆಯುತ್ತದೆ.

ಸನ್ನೆಗಳನ್ನೂ ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ತಲೆ ಮುಟ್ಟಿಕೊಂಡರೆ ಮತ್ತೆ ಮೊದಲಿನಿಂದ, ಮುಷ್ಟಿ ಹಿಡಿದರೆ ಮುಗಿಸುವುದು. ಕೊನೆಯ ಸಾಲನ್ನು ಮೂರು ಸಲ ಹಾಡುವುದಿದ್ದರೆ ಡ್ರಮ್ಮರ್ ಕಡೆ ತಿರುಗಿ ಮೂರು ಬೆರಳು ತೋರಿಸುತ್ತೇನೆ.