ಯಾರೂ ಈಜದ ಕೊಳಕ್ಕೆ ಬ್ಲೀಚಿಂಗ್ ತಿಳಿ

ಈಜುಕೊಳ ಕಟ್ಟಿಸುವಾಗ ಇದ್ದ ಉಮೇದು ಅದನ್ನು ನೋಡಿಕೊಳ್ಳುವಾಗ ಯಾರಿಗೂ ಇರುವುದಿಲ್ಲ. ಮಕ್ಕಳು ಹಾಸ್ಟೆಲ್ ಸೇರಿದರು, ಕೊಳ ನೋಡುವವನಿಗೆ ತಿಂಗಳ ಸಂಬಳ ಕೊಡೋಕಾಗಲ್ಲ ಅಂದ ಕೂಡಲೇ ಈಗಿನವರಿಗೆ ಹೊಳೆಯುವುದು ಒಂದೇ: ನೀರು ಖಾಲಿ ಮಾಡಿಬಿಡೋಣ. ಮಾಡಬೇಡ್ರಪ್ಪಾ! ಮಳೆಗಾಲದಲ್ಲಿ ನೆಲದೊಳಗಿನ ನೀರು ಏರಿದಾಗ ಖಾಲಿ ತೊಟ್ಟಿಯನ್ನು ಕೆಳಗಿನಿಂದ ಒತ್ತುತ್ತದೆ. ಟೈಲ್ಸ್ ಏಳುತ್ತವೆ, ತಳ ಬಿರಿಯುತ್ತದೆ, ಫೈಬರ್ ತೊಟ್ಟಿಯಾದರೆ ಇಡಿಯಾಗಿ ಮೇಲೆದ್ದುಬಿಡಬಹುದು. ಒಳಗಿನ ನೀರಿನ ಭಾರವೇ ಅದನ್ನು ಹಿಡಿದಿಟ್ಟಿರುವುದು. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ ಅಂದರೆ 22,000 ಲೀಟರ್ ಮೇಲಾಯಿತು. ಮತ್ತೆ ತುಂಬಿಸಲು ಟ್ಯಾಂಕರಿನವನ ಕಾಲು ಹಿಡಿಯಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದದ್ದು ಮರೆತುಹೋಯಿತೇ?

ಹಾಗಂತ ಹಸಿರು ಕಟ್ಟಲು ಬಿಡುವುದೂ ಅಲ್ಲ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಮೊದಲು ನರ್ಸರಿಗೆ ಹಾಕುವ ಹಸಿರು ಶೇಡ್ ನೆಟ್ ತಂದು, ಅಂಚಿಗೆ ಹುಕ್ ಹೊಡೆದು, ಬಿಗಿಯಾಗಿ ಎಳೆದು ಕಟ್ಟಿ. ಎಲೆ ಬೀಳುವುದಿಲ್ಲ, ಬಿಸಿಲು ತಗ್ಗಿ ಪಾಚಿಯೂ ಕಡಿಮೆ. ಟಾರ್ಪಾಲ್ ಬೇಡ, ಅದರ ಗುಂಡಿಯಲ್ಲೇ ಮಳೆನೀರು ನಿಂತು ಸೊಳ್ಳೆ ಸಾಕುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೆಟ್ ನಂಬಬೇಡಿ, ಬೇಲಿ ಹಾಕಿ ಗೇಟಿಗೆ ಬೀಗ ಜಡಿಯಿರಿ.

ಇನ್ನು ಕ್ಲೋರಿನ್. ದುಬಾರಿ ಮಾತ್ರೆ ಬೇಕಿಲ್ಲ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಸಾಕು. ಆದರೆ ಪ್ಯಾಕೆಟ್ ಹರಿದು ನೇರವಾಗಿ ನೀರಿಗೆ ಸುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರಲ್ಲಿರುವ ಸುಣ್ಣವೆಲ್ಲ ನೀರನ್ನು ಬೆಳ್ಳಗೆ ಮಾಡಿ, ತಳಕ್ಕೆ ಕೂತು, ಸ್ಯಾಂಡ್ ಫಿಲ್ಟರಿನ ಮರಳನ್ನು ಗಟ್ಟಿ ಮಾಡುತ್ತದೆ. ಹಿಂದೆ ಊರ ಬಾವಿಗೆ ಔಷಧಿ ಹಾಕಲು ಬರುತ್ತಿದ್ದ ಹೆಲ್ತ್ ಇನ್‌ಸ್ಪೆಕ್ಟರುಗಳು ಪುಡಿಯನ್ನು ನೀರಲ್ಲಿ ಕಲಕಿ ಕೂರಿಸಿದ ಮೇಲಿನ ತಿಳಿ ಮಾತ್ರ ಹಾಕಿಸುತ್ತಿದ್ದರು, ತಳದ ಗಸಿ ಬಿದ್ದರೆ ಬೈಯುತ್ತಿದ್ದರು. ಅದೇ ಕ್ರಮ ಇಲ್ಲಿಗೂ.

ಹೊತ್ತು ಮುಳುಗಲಿ, ಬಿಸಿಲಿಗೆ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಹಾರಿಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಕಬ್ಬಿಣದ್ದು ತಿಂದುಹೋಗುತ್ತದೆ. ಕೈಗೆ ಗ್ಲೌಸ್, ಗಾಳಿಗೆ ಬೆನ್ನು. ಹಳೆಯ ಕಾಫಿ ಲೋಟದಲ್ಲಿ ಒಂದು ಲೋಟ ಪುಡಿ, ಹೆಚ್ಚುಕಡಿಮೆ 150 ಗ್ರಾಂ, ಮೇಲೆ ಹೇಳಿದ ಅಳತೆಯ ಕೊಳಕ್ಕೆ. ಆ ಲೋಟ ಮತ್ತೆ ಅಡುಗೆಮನೆಗೆ ಬರಕೂಡದು. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು, ಆಮೇಲೆ ಪುಡಿ. ಕೋಲಿನಿಂದ ಗಂಟು ಒಡೆದು ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಮೇಲೆ ಅರ್ಧ ಬಕೆಟ್ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯಲ್ಲಿ ಬಕೆಟ್ಟನ್ನು ಮುಟ್ಟಬೇಡಿ, ಎತ್ತಿ ಇಡಬೇಡಿ, ಆಯಿತೇ ಅಂತ ಕೋಲು ಹಾಕಿ ನೋಡಬೇಡಿ. ಸುಣ್ಣ ಕೂತು ಮೇಲೆ ತಿಳಿ ನಿಂತಾಗ, ಪಂಪ್ ಓಡುತ್ತಿರುವಂತೆಯೇ, ಮಗ್ಗಿನಲ್ಲಿ ಮೆಲ್ಲಗೆ ತೆಗೆದು ಕೊಳದ ಅಂಚಿನುದ್ದಕ್ಕೂ ಹಾಕುತ್ತ ಹೋಗಿ. ಗಸಿ ಅಲುಗಾಡಿತೋ, ನಿಲ್ಲಿಸಿ. ಅದಕ್ಕೆ ಇನ್ನೊಮ್ಮೆ ನೀರು ಹಾಕಿ, ಇನ್ನೊಮ್ಮೆ ಕೂರಿಸಿ, ಇನ್ನೊಮ್ಮೆ ತಿಳಿ ತೆಗೆಯಿರಿ. ಕಾಸು ಕೊಟ್ಟದ್ದು ಚರಂಡಿಗೆ ಯಾಕೆ?

ಉಳಿದ ಗಸಿಯನ್ನು ಹೊರಗಿನ ಮೋರಿಗೆ ಹಾಕಿ. ಬಚ್ಚಲಿಗೆ ಆಸಿಡ್ ಹಾಕಿದ್ದರೆ ಅಲ್ಲಿಗೆ ಬೇಡ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಹೊಳಪು ಬರಲಿ ಅಂತ ಎರಡನ್ನೂ ಒಟ್ಟಿಗೆ ಹಾಕಿ ಬಚ್ಚಲು ಉಜ್ಜುವ ಜಾಣರಿದ್ದಾರೆ! ಹಾಗೆಯೇ ಈಜುಕೊಳದ ಕ್ಲೋರಿನ್ ಮಾತ್ರೆಯನ್ನೂ ಈ ಪುಡಿಯನ್ನೂ ಒಂದೇ ಬಕೆಟ್ಟಿಗೆ, ಒಂದೇ ಡಬ್ಬಿಗೆ ಹಾಕಬೇಡಿ, ಬೆಂಕಿ ಹತ್ತುತ್ತದೆ.

ದಿನ ಬಿಟ್ಟು ದಿನ ಹೀಗೆ. ಭಾನುವಾರ ಒಂದು ಕಿಲೋ ಸುರಿದು ವಾರವಿಡೀ ಮಲಗಿದರೆ ಬುಧವಾರಕ್ಕೆ ಏನೂ ಉಳಿದಿರುವುದಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮೊದಲು ಕ್ಲೋರಿನ್ ನೋಡುವ ಟೆಸ್ಟ್ ಕಿಟ್ಟಿನ ಕೊಳವೆಗೆ ಕೊಳದ ನೀರು ತುಂಬಿ, ಅದರ ಹನಿ ಹಾಕಿದಾಗ ತಿಳಿಹಳದಿ ಬರಬೇಕು. ಬರದಿದ್ದರೆ ಪುಡಿ ಹಳತಾಗಿರಬಹುದು. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯದ ಪುಡಿ ಸುಣ್ಣಕ್ಕೆ ಸಮ. ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, 7.2ರಿಂದ 7.6ರೊಳಗೆ ಇರಲಿ. ಬ್ಲೀಚಿಂಗ್ ಅದನ್ನು ಏರಿಸುತ್ತದೆ. ಏರಿದ್ದರೆ, ಕ್ಲೋರಿನ್ ಹಾಕದ ದಿನ, ಒಂದು ಬಕೆಟ್ ನೀರಿಗೆ ಕಾಲು ಲೀಟರ್ ಮೀರದಂತೆ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿ ಹಾಕಿ. ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ.

ಪಾಚಿಗೆ ಮೈಲುತುತ್ತ ಸುರಿಯುವುದು ಅಡಿಕೆ ತೋಟದವರ ಚಟ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ ಅಭ್ಯಾಸ, ಪಾಪ. ಕೊಳದ ಗಾರೆಗೆ ಅದರ ಕಲೆ ಹತ್ತಿದರೆ ಹೋಗುವುದಿಲ್ಲ. ಬ್ರಷ್ ತೊಗೊಂಡು ಗೋಡೆ ಉಜ್ಜಿ.

ಪಂಪ್ ದಿನಕ್ಕೆ ಎರಡು ಗಂಟೆ ಸಾಕು. 1 ಎಚ್‌ಪಿ ಮೋಟಾರು ಗಂಟೆಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ನೀರು ಸ್ಕಿಮ್ಮರಿನ, ಅಂದರೆ ಮೇಲ್ಮೈ ನೀರನ್ನು ಪಂಪಿಗೆ ಎಳೆಯುವ ಗೋಡೆಯ ಕಿಂಡಿಯ, ಬಾಯಿಯ ಅರ್ಧಕ್ಕಿಂತ ಇಳಿದರೆ ಗಾಳಿ ಎಳೆದು ಸೀಲು ಸುಡುತ್ತದೆ. ಪಂಪ್ ಓಡುವಾಗ ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಹಿಡಿ ತಿರುಗಿಸಬೇಡಿ.

ಇಷ್ಟೂ ಆಗದು ಅನ್ನುವವರು ಕ್ಲೋರಿನ್ ಪೂರ್ತಿ ನಿಲ್ಲಿಸಿ, ಅದು ಹಾರಿಹೋಗಿದೆ ಅಂತ ಕಿಟ್ಟಿನಲ್ಲಿ ಖಾತ್ರಿ ಮಾಡಿಕೊಂಡು, ಗಪ್ಪಿ ಮೀನು ಬಿಡಿ, ಸೊಳ್ಳೆಮರಿ ತಿನ್ನುತ್ತವೆ. ನೀರು ಹಸಿರಾಗುತ್ತದೆ, ಆಗಲಿ. ಆಮೇಲೆ ನೆಂಟರು ಬರುತ್ತಾರೆ ಅಂತ ಅದೇ ನೀರಿಗೆ ಬ್ಲೀಚಿಂಗ್ ಹಾಕಿ ಮೀನನ್ನೆಲ್ಲ ಸಾಯಿಸಬೇಡಿ.