ಕಡಲತಳದ ಕಂಪನವನ್ನು ಲೆಕ್ಕಕ್ಕೆ ತೆಗೆದುಕೊಂಡು ಸೇತುವೆ ಕಂಬಗಳ ವಿನ್ಯಾಸ: ನನ್ನ ಅನುಭವ

ಸಮುದ್ರದೊಳಗೆ ನಿಲ್ಲುವ ಸೇತುವೆಯ ಕಂಬಗಳಿಗೆ ಭೂಕಂಪ ವಿನ್ಯಾಸ ಮಾಡುವಾಗ ದಡದ ಮೇಲಿನ ಕೇಂದ್ರಗಳಲ್ಲಿ ದಾಖಲಾದ ಕಂಪನಗಳನ್ನೇ ಬಳಸುವುದು ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಕಡಲತಳದ ದಾಖಲೆಗಳು ಸಿಗುವುದಿಲ್ಲ ಎಂಬುದು ಅದಕ್ಕೆ ಹೇಳುತ್ತಿದ್ದ ಕಾರಣ. ಆ ಕಾರಣ ಈಗ ಉಳಿದಿಲ್ಲ. ಜಪಾನಿನ ಸಾಗಾಮಿ ಕೊಲ್ಲಿಯ ತಳದಲ್ಲಿ ಕೆ-ನೆಟ್ ಎಂಬ ಭೂಕಂಪ ಮಾಪನ ಜಾಲಕ್ಕೆ ಸೇರಿದ ಆರು ಕೇಂದ್ರಗಳಿವೆ. ನಂಕಾಯ್ ಕಂದಕದ ಬಳಿ ಡೋನೆಟ್ ಎಂಬ ಇನ್ನೊಂದು ಕಡಲತಳದ ಜಾಲವಿದೆ. 2011ರ ತೊಹೊಕು ಭೂಕಂಪದ ನಂತರ ಜಪಾನ್ ಕಂದಕದುದ್ದಕ್ಕೂ ಹಾಸಿದ ಎಸ್-ನೆಟ್‌ನಲ್ಲಿ 150 ವೀಕ್ಷಣಾ ಕೇಂದ್ರಗಳಿವೆ. ನನಗೆ ಇಂಥ ಕೆಲಸ ಬಂದಾಗ ಈ ದಾಖಲೆಗಳನ್ನು ಮುಂದಿಟ್ಟುಕೊಂಡೇ ಆರಂಭಿಸಿದೆ.

ಕಡಲತಳದ ಕಂಪನವು ದಡದ ಕಂಪನಕ್ಕಿಂತ ಬೇರೆಯಾಗಲು ಎರಡು ಕಾರಣಗಳಿವೆ, ಮತ್ತು ಅವೆರಡನ್ನೂ ಬೆರೆಸದೆ ನೋಡುವುದರ ಮೇಲೆಯೇ ಉಳಿದ ವಿನ್ಯಾಸವೆಲ್ಲ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲನೆಯದು ಮೇಲಿರುವ ನೀರು, ಎರಡನೆಯದು ಕೆಳಗಿರುವ ಮೆತ್ತನೆಯ ಹೂಳು. ನೀರಿಗೆ ಶಿಯರ್ ಬಲವನ್ನು, ಅಂದರೆ ಪದರಗಳನ್ನು ಒಂದರ ಮೇಲೊಂದು ಅಡ್ಡಕ್ಕೆ ಸರಿಸುವ ಬಲವನ್ನು, ಸಾಗಿಸುವ ಶಕ್ತಿಯಿಲ್ಲವಾದ್ದರಿಂದ ಎಸ್-ತರಂಗಗಳಿಂದಾಗುವ ಅಡ್ಡ ಕಂಪನವನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಅದು ತಡೆಯುವುದು ಒತ್ತುತ್ತಾ ಸಾಗುವ ಪಿ-ತರಂಗಗಳಿಂದಾಗುವ ಲಂಬ ಕಂಪನವನ್ನು. ಅಡ್ಡ ಕಂಪನದಲ್ಲಿ, ಅದರಲ್ಲೂ ದೀರ್ಘ ಆವರ್ತಕಾಲಗಳಲ್ಲಿ (ಒಂದು ಅಲುಗಾಟಕ್ಕೆ ಹೆಚ್ಚು ಸಮಯ ಹಿಡಿಯುವಲ್ಲಿ), ಕಾಣುವ ಹೆಚ್ಚಳಕ್ಕೆ ಹೂಳಿನ ಪದರಗಳೇ ಕಾರಣ.

ನೀರಿನ ಪ್ರಭಾವವನ್ನು ಕೈಲೆಕ್ಕದಲ್ಲೇ ಪರೀಕ್ಷಿಸಬಹುದು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಅದನ್ನು ಆಳದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಲಂಬ ಕಂಪನ ಕುಗ್ಗುವ ಮೊದಲ ಆವೃತ್ತಿ (ಫ್ರೀಕ್ವೆನ್ಸಿ) ಸಿಗುತ್ತದೆ. 50 ಮೀಟರ್ ಆಳಕ್ಕೆ ಅದು 7.5 ಹರ್ಟ್ಸ್. ಅದೇ ಸಾವಿರ ಮೀಟರ್ ಆಳದ ಕೇಂದ್ರದಲ್ಲಿ 0.375 ಹರ್ಟ್ಸ್ ಮತ್ತು ಅದರ ಬೆಸ ಗುಣಕಗಳಲ್ಲಿ ಕುಗ್ಗುತ್ತದೆ. ಆದ್ದರಿಂದ ಆಳಸಮುದ್ರದ ಲಂಬ ದಾಖಲೆಯನ್ನು ಆಳವಿಲ್ಲದ ಕಡಲಿನ ಸೇತುವೆಗೆ ನೇರವಾಗಿ ತಂದು ಹಾಕುವಂತಿಲ್ಲ. ನಾನು ಲಂಬ ದಾಖಲೆಗಳನ್ನು ಬದಿಗಿಟ್ಟು, ಕಡಲ ರಚನೆಗಳಿಗೆಂದೇ ಇರುವ ಐಎಸ್‌ಒ 19901-2 ಮಾನದಂಡದ ಸರಳ ವಿಧಾನದಂತೆ ಲಂಬ ಸ್ಪೆಕ್ಟ್ರಮ್ಮನ್ನು (ಬೇರೆ ಬೇರೆ ಆವರ್ತಕಾಲದ ರಚನೆಗಳಲ್ಲಿ ಕಂಪನ ಹುಟ್ಟಿಸುವ ಗರಿಷ್ಠ ವೇಗೋತ್ಕರ್ಷವನ್ನು ತೋರಿಸುವ ರೇಖೆಯನ್ನು) ಅಡ್ಡ ಸ್ಪೆಕ್ಟ್ರಮ್ಮಿನ ಅರ್ಧಕ್ಕೆ ನಿಗದಿಪಡಿಸಿದೆ. ನೀರಿನ ಆಳದ ಹೆಸರಿನಲ್ಲಿ ಅದನ್ನು ಇನ್ನಷ್ಟು ತಗ್ಗಿಸಬಾರದೆಂದು ಆ ಮಾನದಂಡವೇ ಹೇಳುತ್ತದೆ, ಮತ್ತು ಆ ಎಚ್ಚರಿಕೆ ನನಗೆ ಸಂಪೂರ್ಣ ಸರಿಯೆನಿಸುತ್ತದೆ.

ಅಡ್ಡ ದಾಖಲೆಗಳನ್ನು ಬಳಕೆಗೆ ಯೋಗ್ಯವಾಗಿಸುವುದಕ್ಕೆ ಹೆಚ್ಚು ಶ್ರಮ ಬೇಕಾಯಿತು. ಎಸ್-ನೆಟ್‌ನ ಉಪಕರಣಗಳು ಉರುಳೆಯಾಕಾರದ ಕವಚದೊಳಗಿವೆ. ಆಳಸಮುದ್ರದಲ್ಲಿ ಅವನ್ನು ಹೂಳದೆ ತಳದ ಮೇಲೆಯೇ ಇರಿಸಲಾಗಿದೆ. ಬಲವಾದ ಕಂಪನದಲ್ಲಿ ಈ ಕವಚ ತನ್ನ ಉದ್ದಕ್ಷದ ಸುತ್ತ ತುಸು ಹೊರಳುತ್ತದೆ. ಆಗ ಗುರುತ್ವದ ಒಂದು ಪಾಲು ಅಡ್ಡ ಚಾನೆಲ್‌ಗೆ ಸೇರಿಕೊಳ್ಳುತ್ತದೆ ಮತ್ತು ಕಂಪನ ನಿಂತ ಮೇಲೂ ರೇಖೆ ಸೊನ್ನೆಗೆ ಮರಳುವುದಿಲ್ಲ. ಒಂದೇ ಒಂದು ಡಿಗ್ರಿ ಹೊರಳಿದರೂ ಸುಮಾರು 17 ಗ್ಯಾಲ್‌ನಷ್ಟು ಸುಳ್ಳು ವೇಗೋತ್ಕರ್ಷ (ಒಂದು ಗ್ಯಾಲ್ ಎಂದರೆ ಸೆಕೆಂಡ್ ವರ್ಗಕ್ಕೆ ಒಂದು ಸೆಂಟಿಮೀಟರ್) ಉಳಿಯುತ್ತದೆ. ಅದನ್ನು ಹಾಗೆಯೇ ಬಿಟ್ಟು ಒಂದು ನಿಮಿಷದ ದಾಖಲೆಯನ್ನು ಎರಡು ಬಾರಿ ಇಂಟಿಗ್ರೇಟ್ ಮಾಡಿದರೆ ಸ್ಥಳಾಂತರ 300 ಮೀಟರ್ ದಾಟುತ್ತದೆ. ಹೀಗಾಗಿ ಪ್ರತಿ ದಾಖಲೆಯಲ್ಲೂ ಕಂಪನಕ್ಕೆ ಮುಂಚಿನ ಮತ್ತು ನಂತರದ ಭಾಗಗಳ ಸರಾಸರಿಯನ್ನು ಹೋಲಿಸಿ, ಎದ್ದುಕಾಣುವಂತೆ ಹೊರಳಿದವನ್ನು ಕೈಬಿಟ್ಟೆ, ಉಳಿದವುಗಳ ಅಕ್ಷಗಳನ್ನು ಗುರುತ್ವದ ದಿಕ್ಕಿಗೆ ಹೊಂದಿಸಿ ತಿರುಗಿಸಿಕೊಂಡೆ. ನಮಗೆ ಬೇಕಾದದ್ದೇ ದೀರ್ಘ ಆವರ್ತಕಾಲದ ಮಾಹಿತಿ, ಮತ್ತು ಈ ದೋಷ ಮೊದಲು ಕೆಡಿಸುವುದೂ ಅದನ್ನೇ. ಆದ್ದರಿಂದ ಇಲ್ಲಿ ಅವಸರ ಮಾಡುವಂತಿರಲಿಲ್ಲ.

ಮುಂದಿನ ಪ್ರಶ್ನೆ, ಈ ದಾಖಲೆಗಳನ್ನು ವಿನ್ಯಾಸದ ಯಾವ ಹಂತದಲ್ಲಿ ಬಳಸಬೇಕೆಂಬುದು. ಕಡಲತಳದಲ್ಲಿ ದಾಖಲಾದ ಕಂಪನ ಈಗಾಗಲೇ ಅಲ್ಲಿನ ಹೂಳನ್ನು ದಾಟಿ ಬಂದಿರುತ್ತದೆ. ಅದನ್ನು ತಂದು ನಮ್ಮ ಸ್ಥಳದ ಮಣ್ಣಿನ ಪದರಗಳ ಬುಡದಲ್ಲಿ ಕೊಟ್ಟರೆ ಹೂಳಿನ ಪ್ರಭಾವವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ನಾನು ಗಟ್ಟಿ ಬಂಡೆಯ ಮೇಲಿನ ದಾಖಲೆಗಳನ್ನು ಬುಡದಲ್ಲಿ ಕೊಟ್ಟು ಪದರಗಳ ಪ್ರತಿಕ್ರಿಯೆಯನ್ನು ಲೆಕ್ಕಹಾಕಿದೆ, ಮೇಲೆ ಬಂದ ಸ್ಪೆಕ್ಟ್ರಮ್ಮಿನ ಆಕಾರವನ್ನು ಕಡಲತಳದ ದಾಖಲೆಗಳೊಂದಿಗೆ ಹೋಲಿಸಿದೆ. 40 ಮೀಟರ್ ದಪ್ಪದ, ಸೆಕೆಂಡಿಗೆ 120 ಮೀಟರ್ ಶಿಯರ್ ತರಂಗವೇಗದ ಜೇಡಿಯ ಸಹಜ ಆವರ್ತಕಾಲ 1.33 ಸೆಕೆಂಡ್, ಆ ಸುತ್ತಮುತ್ತ ಎರಡೂ ಚೆನ್ನಾಗಿ ಹೊಂದಿದವು. ಅದಕ್ಕಿಂತ ದೀರ್ಘ ಆವರ್ತಕಾಲಗಳಲ್ಲಿ ಮಾತ್ರ ಲೆಕ್ಕ ಹಿಂದೆ ಬಿತ್ತು, ಏಕೆಂದರೆ ದಪ್ಪ ಹೂಳಿನಲ್ಲಿ ಅಡ್ಡಡ್ಡ ಸಾಗುವ ಮೇಲ್ಮೈ ತರಂಗಗಳು ಮಣ್ಣಿನ ಒಂದೇ ಒಂದು ಲಂಬ ಸ್ತಂಭದ ಲೆಕ್ಕದಲ್ಲಿ ಹುಟ್ಟುವುದೇ ಇಲ್ಲ. ಆ ಭಾಗದಲ್ಲಿ ದಾಖಲೆಗಳ ಆಕಾರವನ್ನೇ ಅನುಸರಿಸಿ ಸ್ಪೆಕ್ಟ್ರಮ್ಮನ್ನು ಎತ್ತರಿಸಿದೆ.

ಇದರ ಪರಿಣಾಮ ಕಂಬದ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೀರಿನಲ್ಲಿ ಅಲುಗಾಡುವ ಕಂಬ ಸುತ್ತಲ ನೀರನ್ನೂ ತನ್ನೊಡನೆ ಅಲುಗಾಡಿಸಬೇಕಾದ್ದರಿಂದ ಅದರ ಪರಿಣಾಮಕಾರಿ ದ್ರವ್ಯರಾಶಿ ಹೆಚ್ಚುತ್ತದೆ. ಆ ಹೆಚ್ಚಳ ಶೇ 36 ಎಂದಿಟ್ಟುಕೊಂಡರೆ 1.2 ಸೆಕೆಂಡಿನ ಆವರ್ತಕಾಲ 1.4 ಸೆಕೆಂಡಿಗೆ ಹೋಗುತ್ತದೆ. ದಡದ ಸ್ಪೆಕ್ಟ್ರಮ್ ಈ ಭಾಗದಲ್ಲಿ ಆವರ್ತಕಾಲಕ್ಕೆ ವಿಲೋಮವಾಗಿ ಇಳಿಯುವುದರಿಂದ ಕಂಬದ ಮೇಲಿನ ಬಲವೂ ತುದಿಯ ಸ್ಥಳಾಂತರವೂ ಸುಮಾರು ಶೇ 17ರಷ್ಟು ಮಾತ್ರ ಏರುತ್ತವೆ. ಮೆತ್ತನೆಯ ಹೂಳಿನ ಮೇಲೆ ಸ್ಪೆಕ್ಟ್ರಮ್ ಅಲ್ಲಿಯವರೆಗೂ ಸಮತಟ್ಟಾಗಿಯೇ ಉಳಿದರೆ ಅವೆರಡೂ ಶೇ 36 ಏರುತ್ತವೆ. ನೀರು ಆವರ್ತಕಾಲವನ್ನು ಯಾವ ಕಡೆಗೆ ತಳ್ಳುತ್ತದೆಯೋ ಹೂಳು ಅದೇ ಕಡೆಯ ಕಂಪನವನ್ನು ಬಲಪಡಿಸುತ್ತದೆ. ದಡದ ದಾಖಲೆಗಳನ್ನಷ್ಟೇ ಬಳಸಿದ ಲೆಕ್ಕದಲ್ಲಿ ಈ ಜೊತೆಗೂಡುವಿಕೆ ಗೋಚರಿಸುವುದೇ ಇಲ್ಲ.

ಕಂಬದಿಂದ ಕಂಬಕ್ಕೆ ಕಂಪನ ತಲುಪುವ ಸಮಯದ ವ್ಯತ್ಯಾಸವನ್ನೂ ಲೆಕ್ಕಕ್ಕೆ ಸೇರಿಸಿದೆ, ಅದರ ವಿಧಾನ ದಡದ ಸೇತುವೆಗಳದ್ದೇ. ಕೊನೆಯಲ್ಲಿ ನಕ್ಷೆಯಲ್ಲಿ ಮುಖ್ಯವಾಗಿ ಬದಲಾದದ್ದು ಬೇರಿಂಗುಗಳ ಚಲನೆಯ ಮಿತಿ, ಗರ್ಡರ್ ಕೂರುವ ಪೀಠದ ಅಗಲ, ಮತ್ತು ಮೆತ್ತನೆ ಜೇಡಿ ಮುಗಿದು ಗಟ್ಟಿ ಪದರ ಆರಂಭವಾಗುವಲ್ಲಿ ನೆಲದಾಳಕ್ಕೆ ಇಳಿಸಿದ ಅಡಿಪಾಯದ ಪೈಲ್‌ಗಳಿಗೆ ಹಾಕುವ ಕಬ್ಬಿಣ. ನೀರಿನಿಂದಾಗಿ ಲಂಬ ಕಂಪನದಲ್ಲಿ ಸಿಗಬಹುದಾದ ಇಳಿಕೆಯನ್ನು ವರದಿಯಲ್ಲಿ ದಾಖಲಿಸಿದೆ, ವಿನ್ಯಾಸದಲ್ಲಿ ಅದರ ಲಾಭ ಪಡೆಯಲಿಲ್ಲ.